ಕೆಂಪು, ನೀಲಿ, ನೇರಳೆ: ಅಮೆರಿಕದ ಯಾವ ರಾಜ್ಯ ನಮಗೆ ಹೊಂದುತ್ತದೆ?

ಟೆಕ್ಸಸ್‌ನ ಡಲ್ಲಾಸ್‌ನಲ್ಲಿ ಒಂದು ಕೆಲಸದ ಆಫರ್, ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಇನ್ನೊಂದು. ಯಾವುದನ್ನು ಒಪ್ಪಿಕೊಳ್ಳೋದು? ಅಮೆರಿಕದಲ್ಲಿ ಕನ್ನಡಿಗರು ನಾಲ್ಕು ಜನ ಸೇರಿದ ಕಡೆ ಈ ಮಾತು ಬಂದೇ ಬರುತ್ತದೆ. ಮೊದಲೆಲ್ಲ ಚರ್ಚೆ ಮನೆ ಬೆಲೆ, ಶಾಲೆ, ಚಳಿ ಇಷ್ಟಕ್ಕೇ ಮುಗಿಯುತ್ತಿತ್ತು. ಈಗ ರಾಜಕೀಯವೂ ಸೇರಿಕೊಂಡಿದೆ. "ಟೆಕ್ಸಸ್ ರೆಡ್ ಸ್ಟೇಟ್ ಅಲ್ವಾ, ನಮ್ಮಂಥವರಿಗೆ ಅಲ್ಲಿ ಸರಿ ಹೋಗುತ್ತಾ?" ಅಂತ ಒಬ್ಬರು ಕೇಳುತ್ತಾರೆ. "ಕ್ಯಾಲಿಫೋರ್ನಿಯಾದಲ್ಲಿ ಟ್ಯಾಕ್ಸ್ ಕಟ್ಟಿದ ಮೇಲೆ ಕೈಯಲ್ಲಿ ಏನು ಉಳಿಯುತ್ತೆ?" ಅಂತ ಇನ್ನೊಬ್ಬರು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ರಾಜ್ಯದ ಬಣ್ಣ ನೋಡಿ ಮನೆ ಮಾಡಬೇಡಿ. ಕೌಂಟಿ (ನಮ್ಮ ಜಿಲ್ಲೆಯಂಥದ್ದು) ನೋಡಿ, ಊರಿನ ಶಾಲೆಗಳನ್ನು ನಡೆಸುವ ಸ್ಕೂಲ್ ಬೋರ್ಡ್ ನೋಡಿ, ರಾಜ್ಯದ ಕೈಯಲ್ಲಿರುವ ಕಾನೂನುಗಳಲ್ಲಿ ನಿಮ್ಮ ಮನೆಗೆ ತಟ್ಟುವಂಥವು ಯಾವುವು ಅಂತ ನೋಡಿ. ಆಯ್ಕೆ ನಿಜಕ್ಕೂ ನಿಮ್ಮದೇ ಆಗಿದ್ದರೆ, ಎರಡೂ ಪಕ್ಷಗಳು ವೋಟಿಗಾಗಿ ನಿಮ್ಮ ಬಾಗಿಲಿಗೆ ಬರಲೇಬೇಕಾದ ರಾಜ್ಯವನ್ನು ಆರಿಸಿಕೊಳ್ಳಿ. ಯಾಕೆ ಅನ್ನೋದನ್ನು ಮುಂದೆ ಹೇಳುತ್ತೇನೆ.

ಬಣ್ಣವನ್ನು ಎಷ್ಟು ನಂಬಬಹುದು

ನಮ್ಮಲ್ಲಿ ಕೆಂಪು ಅಂದರೆ ಎಡಪಂಥ. ಅಲ್ಲಿ ಕೆಂಪು ಅಂದರೆ ರಿಪಬ್ಲಿಕನ್ ಪಕ್ಷ, ಅಂದರೆ ಬಲಪಂಥ. ನೀಲಿ ಡೆಮಾಕ್ರಟಿಕ್ ಪಕ್ಷದ್ದು. ಎರಡೂ ಪಕ್ಷಗಳ ಬಲ ಹೆಚ್ಚು ಕಡಿಮೆ ಸಮ ಇರುವ ರಾಜ್ಯವನ್ನು ನೇರಳೆ ಅನ್ನುತ್ತಾರೆ. ಈ ಬಣ್ಣಗಳು ಬಹಳ ಹಳೆಯವೇನಲ್ಲ. 2000ದ ಅಧ್ಯಕ್ಷೀಯ ಚುನಾವಣೆಯಲ್ಲಿ ರಿಪಬ್ಲಿಕನ್ ಬುಷ್ ಮತ್ತು ಡೆಮಾಕ್ರಟಿಕ್ ಗೋರ್ ನಡುವೆ ಫ್ಲಾರಿಡಾದ ಎಣಿಕೆ ವಾರಗಟ್ಟಲೆ ಎಳೆಯಿತು. ಅಷ್ಟೂ ದಿನ ಟೀವಿಯಲ್ಲಿ ಅದೇ ನಕ್ಷೆ ಕಾಣಿಸಿ ಬಣ್ಣಗಳು ಗಟ್ಟಿಯಾದವು. ಅದಕ್ಕೂ ಮೊದಲು ಒಂದೊಂದು ಚಾನೆಲ್ ಒಂದೊಂದು ಬಣ್ಣ ಹಾಕುತ್ತಿತ್ತು.

ನಕ್ಷೆ ನೋಡಿದರೆ ಇಡೀ ರಾಜ್ಯ ಒಂದೇ ಮನಸ್ಸಿನದು ಅನ್ನಿಸುತ್ತದೆ. ಹಾಗಿಲ್ಲ. 2020ರಲ್ಲಿ ಟ್ರಂಪ್ ಅವರಿಗೆ ಟೆಕ್ಸಸ್‌ನಲ್ಲಿ ಸುಮಾರು 59 ಲಕ್ಷ ವೋಟ್ ಬಿದ್ದವು. ಕ್ಯಾಲಿಫೋರ್ನಿಯಾದಲ್ಲಿ 60 ಲಕ್ಷ! ಅವರು ಸೋತ ರಾಜ್ಯದಲ್ಲೇ ಗೆದ್ದ ರಾಜ್ಯಕ್ಕಿಂತ ಜಾಸ್ತಿ ವೋಟ್ ಸಿಕ್ಕಿತ್ತು. ಟೆಕ್ಸಸ್ 1976ರ ನಂತರ ಡೆಮಾಕ್ರಟಿಕ್ ಅಧ್ಯಕ್ಷೀಯ ಅಭ್ಯರ್ಥಿಯನ್ನು ಗೆಲ್ಲಿಸಿಲ್ಲ. ಆದರೆ ಆಸ್ಟಿನ್ ಇರುವ ಟ್ರಾವಿಸ್ ಕೌಂಟಿಯಲ್ಲಿ 2024ರಲ್ಲಿ ಸುಮಾರು ಮೂರನೇ ಎರಡು ಪಾಲು ವೋಟ್ ಕಮಲಾ ಹ್ಯಾರಿಸ್ ಅವರಿಗೆ ಬಿತ್ತು.

ಒಲವು ಶಾಶ್ವತವೂ ಅಲ್ಲ. ವರ್ಮಾಂಟ್ ರಾಜ್ಯ 1856ರಿಂದ 1988ರವರೆಗೆ ಒಂದೇ ಒಂದು ಸಲ, 1964ರಲ್ಲಿ, ಬಿಟ್ಟರೆ ಪ್ರತಿ ಚುನಾವಣೆಯಲ್ಲೂ ರಿಪಬ್ಲಿಕನ್ ಪಕ್ಷಕ್ಕೇ ವೋಟ್ ಹಾಕಿತು. ಇವತ್ತು ಅದು ಎಡಪಂಥದ ನಾಯಕ ಬರ್ನಿ ಸ್ಯಾಂಡರ್ಸ್ ಅವರ ರಾಜ್ಯ. ಕಲ್ಲಿದ್ದಲು ಗಣಿಗಳ ವೆಸ್ಟ್ ವರ್ಜೀನಿಯಾ 1988ರಲ್ಲಿ ಡೆಮಾಕ್ರಟಿಕ್ ಪಕ್ಷದ ಡುಕಾಕಿಸ್ ಅವರನ್ನು ಗೆಲ್ಲಿಸಿತ್ತು. ಈಗ ಅಲ್ಲಿ ಟ್ರಂಪ್ ಅವರಿಗೆ ನೂರಕ್ಕೆ ಸುಮಾರು ಎಪ್ಪತ್ತು ವೋಟ್. 30 ವರ್ಷದ ಮನೆ ಸಾಲ ಮಾಡುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಇವತ್ತಿನ ಬಣ್ಣ ಸಾಲ ತೀರುವ ಹೊತ್ತಿಗೆ ಇರುತ್ತೆ ಅನ್ನೋಕೆ ಆಗಲ್ಲ.

ಯಾವುದು ರಾಜ್ಯದ ಕೈಯಲ್ಲಿದೆ

ಎಚ್-1ಬಿ ಅನ್ನುವ ಕೆಲಸದ ವೀಸಾ, ಕಾಯಂ ವಾಸದ ಗ್ರೀನ್ ಕಾರ್ಡ್, ಪೌರತ್ವ ಇವೆಲ್ಲ ಕೇಂದ್ರ ಸರ್ಕಾರದ್ದು. ನೀವು ಯಾವ ರಾಜ್ಯದಲ್ಲಿದ್ದರೂ ಗ್ರೀನ್ ಕಾರ್ಡ್ ಕ್ಯೂ ಅದೇ. ರಾಜ್ಯದ ಕೈಯಲ್ಲಿರುವುದು ಬೇರೆ: ಆದಾಯ ತೆರಿಗೆಯ ರಾಜ್ಯದ ಪಾಲು, ಶಾಲೆಯ ಪಠ್ಯ, ಬಂದೂಕಿನ ಕಾನೂನು, ಹೆರಿಗೆ ರಜೆಯ ಸಂಬಳ, ಬಡವರ ಆರೋಗ್ಯ ವಿಮೆ, ಸರ್ಕಾರಿ ವಿಶ್ವವಿದ್ಯಾಲಯದ ಫೀಸು, ವೋಟ್ ಹಾಕುವ ವಿಧಾನ. 2022ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ಗರ್ಭಪಾತದ ಕಾನೂನೂ ರಾಜ್ಯಗಳಿಗೇ ಹೋಯಿತು. ಶಾಲೆಯ ದಿನನಿತ್ಯದ ತೀರ್ಮಾನಗಳು, ಲೈಬ್ರರಿಯಲ್ಲಿ ಯಾವ ಪುಸ್ತಕ ಇರಬೇಕು ಅನ್ನೋದು, ಬಹಳಷ್ಟು ಕಡೆ ಊರಿನ ಸ್ಕೂಲ್ ಬೋರ್ಡ್ ಕೈಯಲ್ಲಿರುತ್ತವೆ.

ಎಚ್-1ಬಿಯಲ್ಲಿರುವವರಿಗೂ ಗ್ರೀನ್ ಕಾರ್ಡ್ ಇರುವವರಿಗೂ ರಾಜ್ಯದ ಚುನಾವಣೆಗಳಲ್ಲಿ ವೋಟ್ ಇಲ್ಲ. ಆದರೆ ತೆರಿಗೆ ಕಟ್ಟಬೇಕು, ಮಕ್ಕಳನ್ನು ಆ ಶಾಲೆಗೇ ಕಳಿಸಬೇಕು, ಆ ಆಸ್ಪತ್ರೆಗೇ ಹೋಗಬೇಕು. ವೋಟ್ ಇಲ್ಲದವರು ಈ ಕಾನೂನುಗಳನ್ನು ವೋಟ್ ಇರುವವರಿಗಿಂತ ಹೆಚ್ಚು ಗಮನವಿಟ್ಟು ಓದಬೇಕು ಅಂತ ನಾನು ನಂಬುತ್ತೇನೆ. ಬದಲಾಯಿಸುವ ಶಕ್ತಿ ಇಲ್ಲದಿರುವಾಗ ಆರಿಸುವ ಶಕ್ತಿಯನ್ನಾದರೂ ಬಳಸಬೇಕಲ್ವಾ?

ಕ್ಯಾಲಿಫೋರ್ನಿಯಾ ಮತ್ತು ಟೆಕ್ಸಸ್

ಜಾಸ್ತಿ ಜನ ಕೇಳುವುದು ಇದನ್ನೇ. ಅದಕ್ಕೇ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ದುಡ್ಡಿನ ಲೆಕ್ಕ ಮೊದಲು. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ಆದಾಯ ತೆರಿಗೆ ಶೇ 13.3ರವರೆಗೆ ಹೋಗುತ್ತದೆ. ಆ ದರ ಹತ್ತು ಲಕ್ಷ ಡಾಲರ್ ದಾಟಿದವರಿಗೆ. ಒಬ್ಬ ಸಾಮಾನ್ಯ ಎಂಜಿನಿಯರ್ ಸಂಬಳದ ಮೇಲಿನ ಭಾಗಕ್ಕೆ ಶೇ 9.3 ಬೀಳುತ್ತದೆ. ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆಯೇ ಇಲ್ಲ. ಇಲ್ಲಿಗೆ ಲೆಕ್ಕ ನಿಲ್ಲಿಸುವವರು ಜಾಸ್ತಿ. ಆದರೆ ಟೆಕ್ಸಸ್ ಆ ದುಡ್ಡನ್ನು ಆಸ್ತಿ ತೆರಿಗೆಯಲ್ಲಿ ತೆಗೆದುಕೊಳ್ಳುತ್ತದೆ. ಡಲ್ಲಾಸ್ ಸುತ್ತಮುತ್ತ ಅದು ಮನೆ ಬೆಲೆಯ ಶೇ 2ರ ಆಸುಪಾಸಿನಲ್ಲಿರುತ್ತದೆ. 5 ಲಕ್ಷ ಡಾಲರ್ ಮನೆಗೆ ವರ್ಷಕ್ಕೆ ಹತ್ತಿರ ಹತ್ತಿರ 10 ಸಾವಿರ. ಸ್ವಂತ ವಾಸದ ಮನೆಗೆ ವಿನಾಯಿತಿ ಇದೆ, ಅದರಿಂದ ಸ್ವಲ್ಪ ಇಳಿಯುತ್ತದೆ. ಆದರೂ ಕೆಲಸ ಹೋದ ವರ್ಷ ಕ್ಯಾಲಿಫೋರ್ನಿಯಾದ ಆದಾಯ ತೆರಿಗೆ ತಾನಾಗಿ ಇಳಿಯುತ್ತದೆ, ಟೆಕ್ಸಸ್‌ನ ಆಸ್ತಿ ತೆರಿಗೆ ಇಳಿಯುವುದಿಲ್ಲ. ಲೇಆಫ್‌ಗಳ ಈ ಕಾಲದಲ್ಲಿ ನನಗೆ ಇದು ದೊಡ್ಡ ವ್ಯತ್ಯಾಸ ಅನ್ನಿಸುತ್ತದೆ.

ಕ್ಯಾಲಿಫೋರ್ನಿಯಾದ ಆಸ್ತಿ ತೆರಿಗೆಗೆ ಬೇರೆಯದೇ ಕಥೆ ಇದೆ. 1978ರಲ್ಲಿ ಅಲ್ಲಿನ ಮತದಾರರು ಪ್ರೊಪೊಸಿಷನ್ 13 ಅನ್ನುವ ಪ್ರಸ್ತಾವವನ್ನು ವೋಟ್ ಹಾಕಿ ಅಂಗೀಕರಿಸಿದರು. ಮೂಲ ತೆರಿಗೆ ಮನೆ ಬೆಲೆಯ ಶೇ 1, ಮತ್ತು ಮನೆ ಕೈ ಬದಲಾಗುವವರೆಗೆ ಆ ಬೆಲೆಯ ಲೆಕ್ಕ ವರ್ಷಕ್ಕೆ ಶೇ 2ಕ್ಕಿಂತ ಹೆಚ್ಚು ಏರುವಂತಿಲ್ಲ. ಹೀಗಾಗಿ ಒಂದೇ ಬೀದಿಯ ಎರಡು ಒಂದೇ ತರಹದ ಮನೆಗಳಲ್ಲಿ, ಹಿಂದೆ ಕೊಂಡವರು ಕಟ್ಟುವುದರ ಹಲವು ಪಟ್ಟು ಈಗ ಕೊಂಡವರು ಕಟ್ಟುತ್ತಾರೆ. ನೀಲಿ ರಾಜ್ಯ ಅಂದರೆ ಹೊಸಬರಿಗೆ, ಬಡವರಿಗೆ ಅನುಕೂಲ ಅಂದುಕೊಂಡಿದ್ದರೆ ಈ ವಿಷಯದಲ್ಲಿ ಹಾಗಿಲ್ಲ. ಹೊಸದಾಗಿ ಬರುವವರ ಮೇಲೇ ಭಾರ ಬೀಳುತ್ತದೆ. ಮನೆ ಕಟ್ಟಲು ಅಡ್ಡಿ ಮಾಡುವ ಸ್ಥಳೀಯ ನಿಯಮಗಳೂ ಸೇರಿ ಅಲ್ಲಿ ಮಧ್ಯಮ ವರ್ಗದವರಿಗೆ ಮನೆ ಅನ್ನೋದು ದೂರದ ಮಾತಾಗಿದೆ. ನನ್ನ ದೃಷ್ಟಿಯಲ್ಲಿ ಇದು ಕ್ಯಾಲಿಫೋರ್ನಿಯಾದ ಡೆಮಾಕ್ರಟಿಕ್ ಆಡಳಿತದ ಅತಿ ದೊಡ್ಡ ವೈಫಲ್ಯ. ಟೆಕ್ಸಸ್ ಮನೆ ಕಟ್ಟುತ್ತದೆ, ಕಟ್ಟುತ್ತಲೇ ಇರುತ್ತದೆ. ಒಂದು ಸಂಬಳದಲ್ಲಿ ಹಿತ್ತಲಿರುವ ಮನೆ ಬೇಕಾದರೆ ಅಲ್ಲಿ ಸಿಗುತ್ತದೆ.

ಇನ್ನು ಕೆಲಸಗಾರರ ಹಕ್ಕು. ಕೆಲಸ ಬಿಟ್ಟ ಮೇಲೆ ಪ್ರತಿಸ್ಪರ್ಧಿ ಕಂಪನಿ ಸೇರಬಾರದು ಅನ್ನುವ ಕರಾರು ಕ್ಯಾಲಿಫೋರ್ನಿಯಾದಲ್ಲಿ ನಡೆಯುವುದಿಲ್ಲ. ಈ ನಿಯಮ 1872ರಿಂದ ಇದೆ. ಸಿಲಿಕಾನ್ ವ್ಯಾಲಿ ಬೆಳೆದದ್ದರಲ್ಲಿ ಇದರ ಪಾಲು ದೊಡ್ಡದು. ಜನ ಒಂದು ಕಂಪನಿಯಿಂದ ಇನ್ನೊಂದಕ್ಕೆ ಸಲೀಸಾಗಿ ಹೋದರು, ತಿಳಿವಳಿಕೆಯೂ ಅವರ ಜೊತೆಗೇ ಹೋಯಿತು. ಮಗು ಹುಟ್ಟಿದಾಗ ಸಂಬಳದ ಒಂದು ಭಾಗ ಕೊಡುವ ರಜೆಯನ್ನು ದೇಶದಲ್ಲಿ ಮೊದಲು ಶುರು ಮಾಡಿದ ರಾಜ್ಯವೂ ಅದೇ, 2004ರಲ್ಲಿ. ತಂದೆಗೂ ಸಿಗುತ್ತದೆ. ಟೆಕ್ಸಸ್‌ನಲ್ಲಿ ಖಾಸಗಿ ಕಂಪನಿಯವರಿಗೆ ರಾಜ್ಯದ ಕಡೆಯಿಂದ ಅಂಥದ್ದೇನೂ ಇಲ್ಲ. ಕಂಪನಿ ಕೊಟ್ಟರೆ ಉಂಟು.

ಹೆಣ್ಣುಮಕ್ಕಳ ಆರೋಗ್ಯದ ವಿಷಯ ನಮ್ಮವರು ಬಾಯಿಬಿಟ್ಟು ಮಾತಾಡುವುದಿಲ್ಲ. ಮಾತಾಡಬೇಕು. ಟೆಕ್ಸಸ್‌ನಲ್ಲಿ ತಾಯಿಯ ಜೀವಕ್ಕೆ ಅಪಾಯ ಅಥವಾ ಗಂಭೀರ ದೈಹಿಕ ಹಾನಿಯ ಭಯ ಇದ್ದರೆ ಮಾತ್ರ ಗರ್ಭಪಾತಕ್ಕೆ ಅವಕಾಶ. ತಪ್ಪಿದ ವೈದ್ಯರಿಗೆ ಜೈಲು. ಬೇಡವೆಂದು ತೆಗೆಸುವವರಿಗಷ್ಟೇ ಇದು ತಟ್ಟುವುದಿಲ್ಲ. ಬೇಕೆಂದು ಹೊತ್ತ ಗರ್ಭ ಅರ್ಧದಲ್ಲಿ ಕೆಟ್ಟರೆ, ವೈದ್ಯರು ಕಾನೂನಿಗೆ ಹೆದರಿ ಕಾಯಿಸುವ ಪರಿಸ್ಥಿತಿ ಬರುತ್ತದೆ. ಕ್ಯಾಲಿಫೋರ್ನಿಯಾ 2022ರಲ್ಲಿ ಈ ಹಕ್ಕನ್ನು ಸಂವಿಧಾನಕ್ಕೇ ಸೇರಿಸಿತು. ಮಗುವಿನ ಯೋಚನೆಯಲ್ಲಿರುವ ದಂಪತಿಗೆ ಇದು ತೆರಿಗೆಗಿಂತ ಮುಖ್ಯ ಅಂತ ನನ್ನ ಖಚಿತ ಅಭಿಪ್ರಾಯ.

ಬಂದೂಕಿನ ವಿಷಯಕ್ಕೆ ಬಂದರೆ, ಟೆಕ್ಸಸ್‌ನಲ್ಲಿ 2021ರ ಸೆಪ್ಟೆಂಬರ್‌ನಿಂದ 21 ದಾಟಿದ ಬಹುತೇಕರು ಪರ್ಮಿಟ್ ಇಲ್ಲದೆ ಪಿಸ್ತೂಲು ಇಟ್ಟುಕೊಂಡು ಓಡಾಡಬಹುದು. 2023ರ ಮೇನಲ್ಲಿ ಡಲ್ಲಾಸ್ ಹತ್ತಿರದ ಆಲನ್ ಊರಿನ ಮಾಲ್‌ನಲ್ಲಿ ಗುಂಡಿನ ದಾಳಿಗೆ ಎಂಟು ಜನ ಬಲಿಯಾದರು, ಅವರಲ್ಲಿ ಒಬ್ಬ ಭಾರತೀಯ ಯುವತಿಯೂ ಇದ್ದರು. ಆದರೆ ಅದೇ ವರ್ಷ ಜನವರಿಯಲ್ಲಿ, ಬಿಗಿ ಕಾನೂನಿರುವ ಕ್ಯಾಲಿಫೋರ್ನಿಯಾದ ಮಾಂಟೆರೇ ಪಾರ್ಕ್‌ನಲ್ಲಿ ಹನ್ನೊಂದು ಜನ ಸತ್ತಿದ್ದರು. ನೀಲಿ ರಾಜ್ಯಕ್ಕೆ ಹೋದರೆ ಭಯವೇ ಇಲ್ಲ ಅನ್ನುವುದು ನಿಜವಲ್ಲ. ಬಿಗಿ ಕಾನೂನು ಒಳ್ಳೆಯದು ಅಂತ ನಾನು ನಂಬುತ್ತೇನೆ. ಆದರೆ ರಾಜ್ಯದ ಗಡಿ ದಾಟಿ ಬಂದೂಕು ತರುವುದು ಸುಲಭ ಇರುವವರೆಗೆ ಅದರ ರಕ್ಷಣೆ ಅರ್ಧ ಮಾತ್ರ.

ನೈಸರ್ಗಿಕ ವಿಪತ್ತಿನಲ್ಲೂ ರಾಜಕೀಯ ಕಾಣುತ್ತದೆ. ಟೆಕ್ಸಸ್ ತನ್ನ ವಿದ್ಯುತ್ ಜಾಲವನ್ನು ಬಹುಪಾಲು ದೇಶದ ಉಳಿದ ಜಾಲಗಳಿಂದ ಬೇರೆಯಾಗಿ ಇಟ್ಟುಕೊಂಡಿದೆ. ಕೇಂದ್ರದ ನಿಯಂತ್ರಣ ಬೇಡ ಅನ್ನುವುದು ಅದರ ಹಿಂದಿನ ಕಾರಣ. 2021ರ ಫೆಬ್ರವರಿಯ ಹಿಮಬಿರುಗಾಳಿಯಲ್ಲಿ ಹೊರಗಿನಿಂದ ಸಾಕಷ್ಟು ಕರೆಂಟ್ ತರಿಸಲಾಗದೆ ಲಕ್ಷಾಂತರ ಮನೆಗಳು ಕತ್ತಲಲ್ಲಿ, ಕೊರೆಯುವ ಚಳಿಯಲ್ಲಿ ಉಳಿದವು. ರಾಜ್ಯದ ಲೆಕ್ಕದಲ್ಲೇ 246 ಜನ ಸತ್ತರು. ಕ್ಯಾಲಿಫೋರ್ನಿಯಾದಲ್ಲಿ ಕಾಡ್ಗಿಚ್ಚು. ಗುಡ್ಡದ ಬದಿಯ ಮನೆಗಳಿಗೆ ವಿಮೆ ಸಿಗುವುದೇ ಕಷ್ಟ ಆಗಿದೆ.

ಧರ್ಮ, ಸಂಸ್ಕೃತಿಯ ವಿಷಯವನ್ನೂ ಸೇರಿಸುತ್ತೇನೆ. ಟೆಕ್ಸಸ್‌ನ ಶುಗರ್ ಲ್ಯಾಂಡ್‌ನಲ್ಲಿ 2024ರ ಆಗಸ್ಟ್‌ನಲ್ಲಿ 90 ಅಡಿ ಎತ್ತರದ ಹನುಮಂತನ ವಿಗ್ರಹ ನಿಂತಿತು. ಅದೇ ರಾಜ್ಯ 2025ರಲ್ಲಿ ಸರ್ಕಾರಿ ಶಾಲೆಯ ಪ್ರತಿ ತರಗತಿಯಲ್ಲೂ ಬೈಬಲ್‌ನ ಹತ್ತು ಆಜ್ಞೆಗಳನ್ನು ತೂಗುಹಾಕಬೇಕು ಅಂತ ಕಾನೂನು ಮಾಡಿತು. ಅದರ ವಿರುದ್ಧ ಬೇರೆ ಬೇರೆ ಧರ್ಮಗಳ ಪೋಷಕರು ಕೋರ್ಟಿಗೆ ಹೋದರು. ಕ್ಯಾಲಿಫೋರ್ನಿಯಾ 2025ರಲ್ಲಿ ದೀಪಾವಳಿಯನ್ನು ರಾಜ್ಯದ ರಜಾದಿನಗಳ ಪಟ್ಟಿಗೆ ಸೇರಿಸಿತು. ಅದೇ ಕ್ಯಾಲಿಫೋರ್ನಿಯಾದಲ್ಲಿ 2023ರಲ್ಲಿ ಜಾತಿ ತಾರತಮ್ಯವನ್ನು ಹೆಸರಿಸಿ ನಿಷೇಧಿಸುವ ಮಸೂದೆ ಬಂತು. ಶಾಸನಸಭೆ ಒಪ್ಪಿತು, ಗವರ್ನರ್ (ಅಲ್ಲಿ ಜನರೇ ಆರಿಸುವ, ನಮ್ಮ ಮುಖ್ಯಮಂತ್ರಿಯಂಥ ಹುದ್ದೆ) ನ್ಯೂಸಮ್ ತಡೆದರು. ಈಗಿರುವ ಕಾನೂನಿನಲ್ಲೇ ಆ ರಕ್ಷಣೆ ಇದೆ ಅನ್ನುವುದು ಅವರ ವಾದ. ಆಗ ಭಾರತೀಯರೇ ಎರಡು ಗುಂಪಾಗಿ ಹೋರಾಡಿದರು. ಕೆಲಸದ ಜಾಗದಲ್ಲಿ ಜಾತಿ ಕೇಳಿಸಿಕೊಂಡವರ ನೋವು ನಿಜ, ಅದಕ್ಕೆ ಸ್ಪಷ್ಟ ಕಾನೂನು ಇದ್ದರೆ ಒಳ್ಳೆಯದು ಅಂತಲೇ ನನ್ನ ನಿಲುವು.

ನ್ಯೂಜೆರ್ಸಿ, ವಾಷಿಂಗ್ಟನ್

ನ್ಯೂಜೆರ್ಸಿಯ ಎಡಿಸನ್ ಸುತ್ತ ಭಾರತೀಯರಿಗೆ ಸಿಗುವ ನಿರಾಳತೆ ಬೇರೆಲ್ಲೂ ಸಿಗುವುದು ಕಷ್ಟ. ದಿನಸಿಯಿಂದ ಮದುವೆ ಛತ್ರದವರೆಗೆ ಎಲ್ಲ ಇದೆ. ಆದರೆ ಆಸ್ತಿ ತೆರಿಗೆ ದೇಶದಲ್ಲೇ ಅತಿ ಹೆಚ್ಚು. 2024ರಲ್ಲಿ ಸರಾಸರಿ ಬಿಲ್ 10 ಸಾವಿರ ಡಾಲರ್ ದಾಟಿತು. ಪುಟ್ಟ ರಾಜ್ಯಕ್ಕೆ 564 ಊರಾಡಳಿತಗಳು. ಬಹಳಷ್ಟು ಊರುಗಳಿಗೆ ತಮ್ಮದೇ ಪೊಲೀಸ್, ತಮ್ಮದೇ ಶಾಲೆಗಳು ಬೇಕು. ಖರ್ಚು ಅಲ್ಲಿಂದ ಹುಟ್ಟುತ್ತದೆ.

ನೀಲಿ ರಾಜ್ಯ ಅಂತಾರೆ, ಆದರೆ 2020ರಲ್ಲಿ ಬೈಡನ್ 16 ಶೇಕಡಾ ಅಂಶಗಳಿಂದ ಗೆದ್ದ ಕಡೆ 2024ರಲ್ಲಿ ಹ್ಯಾರಿಸ್ ಗೆದ್ದದ್ದು 6ರ ಆಸುಪಾಸಿನಲ್ಲಿ. ಮತ್ತೆ 2025ರ ಗವರ್ನರ್ ಚುನಾವಣೆಯಲ್ಲಿ ಡೆಮಾಕ್ರಟಿಕ್ ಪಕ್ಷದ ಮೈಕಿ ಶೆರಿಲ್ ಆರಾಮವಾಗಿ ಗೆದ್ದರು. ಇಷ್ಟು ಬೇಗ ಹೊಯ್ದಾಡುವ ರಾಜ್ಯದಲ್ಲಿ ಯಾವ ಪಕ್ಷವೂ ಸುಮ್ನೆ ಕೂರುವಂತಿಲ್ಲ. ನನಗೆ ಅದು ಒಳ್ಳೆಯ ಲಕ್ಷಣ.

ವಾಷಿಂಗ್ಟನ್ ರಾಜ್ಯ, ಅಂದರೆ ಸಿಯಾಟಲ್, ರೆಡ್ಮಂಡ್ ಕಡೆ, ವಿಚಿತ್ರ ಜೋಡಣೆ. 1984ರ ನಂತರ ರಿಪಬ್ಲಿಕನ್ ಅಧ್ಯಕ್ಷರಿಗೆ ಒಲಿದಿಲ್ಲ. ಆದರೂ ಸಾಮಾನ್ಯ ಸಂಬಳದಾರರಿಗೆ ರಾಜ್ಯದ ಆದಾಯ ತೆರಿಗೆ ಇಲ್ಲ. ಬದಲಿಗೆ ಅಂಗಡಿಯಲ್ಲಿ ಕೊಳ್ಳುವುದರ ಮೇಲೆ ಸಿಯಾಟಲ್‌ನಲ್ಲಿ ಶೇ 10ರಷ್ಟು ಮಾರಾಟ ತೆರಿಗೆ. ದೊಡ್ಡ ಸಂಬಳದವರಿಗೆ ಲಾಭ, ಚಿಕ್ಕ ಸಂಬಳದವರಿಗೆ ಭಾರ. ಹೆರಿಗೆ ರಜೆಗೆ 2020ರಿಂದ ರಾಜ್ಯವೇ ದುಡ್ಡು ಕೊಡುತ್ತದೆ. ಜಾತಿ ತಾರತಮ್ಯ ನಿಷೇಧಿಸಿದ ದೇಶದ ಮೊದಲ ನಗರ ಸಿಯಾಟಲ್, 2023ರಲ್ಲಿ. ಕ್ಯಾಸ್ಕೇಡ್ ಬೆಟ್ಟ ದಾಟಿ ಪೂರ್ವಕ್ಕೆ ಹೋದರೆ ಸೇಬಿನ ತೋಟಗಳು, ರಿಪಬ್ಲಿಕನ್ ಊರುಗಳು. ತೆರಿಗೆ ಮತ್ತು ಸಾಮಾಜಿಕ ಕಾನೂನು ಎರಡೂ ಅನುಕೂಲವಾಗಿ ಬೇಕು, ಮಳೆಗಾಲದ ಮೋಡ ಪರವಾಗಿಲ್ಲ ಅನ್ನುವವರಿಗೆ ಇದನ್ನು ಧಾರಾಳವಾಗಿ ಹೇಳುತ್ತೇನೆ.

ಜಾರ್ಜಿಯಾದ ಒಂದು ಕೌಂಟಿ

ಅಟ್ಲಾಂಟಾದ ಉತ್ತರಕ್ಕೆ ಫೋರ್ಸೈತ್ ಕೌಂಟಿ ಇದೆ. 1912ರಲ್ಲಿ ಅಲ್ಲಿದ್ದ ಸಾವಿರಕ್ಕೂ ಹೆಚ್ಚು ಕರಿಯರನ್ನು ಹೆದರಿಸಿ, ಹಿಂಸಿಸಿ ಓಡಿಸಲಾಯಿತು. ಅವರ ಜಮೀನು ಬೇರೆಯವರ ಪಾಲಾಯಿತು. ದಶಕಗಳ ಕಾಲ ಆ ಕೌಂಟಿಯಲ್ಲಿ ಕರಿಯರು ಕಾಲಿಡುವಂತಿರಲಿಲ್ಲ. 1987ರ ಜನವರಿಯಲ್ಲಿ ಮೆರವಣಿಗೆ ಹೊರಟ ನಾಗರಿಕ ಹಕ್ಕುಗಳ ಹೋರಾಟಗಾರರ ಮೇಲೆ ಕಲ್ಲು ತೂರಿದರು. ಮುಂದಿನ ವಾರ ಸಾವಿರಾರು ಜನ ಮತ್ತೆ ನಡೆದರು.

ಇವತ್ತು ಅದೇ ಕೌಂಟಿಯಲ್ಲಿ ಭಾರತೀಯ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿವೆ. ಶಾಲೆಗಳಿಗೆ ಒಳ್ಳೆಯ ಹೆಸರಿದೆ, ಮನೆಗಳು ಕೈಗೆಟುಕುತ್ತವೆ. 2024ರಲ್ಲಿ ಮೂರನೇ ಎರಡು ಪಾಲಿನಷ್ಟು ವೋಟ್ ಟ್ರಂಪ್ ಅವರಿಗೆ ಬಿತ್ತು. ನಮ್ಮವರು ಅಲ್ಲಿ ನೆಮ್ಮದಿಯಿಂದ ಇದ್ದಾರೆ ಅನ್ನುವುದು ನಿಜ. ಆದರೆ ಆ ನೆಮ್ಮದಿ ಪುಕ್ಕಟೆ ಬಂದದ್ದಲ್ಲ. 1987ರಲ್ಲಿ ಕಲ್ಲೇಟು ತಿಂದವರಿಂದ ಬಂದದ್ದು. ಅಲ್ಲಿ ಮನೆ ಕೊಳ್ಳುವ ಪ್ರತಿ ಕನ್ನಡಿಗರೂ ಮಕ್ಕಳಿಗೆ ಈ ಇತಿಹಾಸ ಹೇಳಬೇಕು ಅನ್ನುವುದು ನನ್ನ ಆಸೆ.

ಇಡೀ ರಾಜ್ಯದ ಲೆಕ್ಕ ತೆಗೆದುಕೊಂಡರೆ ಜಾರ್ಜಿಯಾ ನೇರಳೆ. 2020ರಲ್ಲಿ ಬೈಡನ್ ಗೆದ್ದದ್ದು ಕೇವಲ 11,779 ವೋಟಿನಲ್ಲಿ. 2022ರಲ್ಲಿ ಅದೇ ಜನ ಗವರ್ನರ್ ಸ್ಥಾನಕ್ಕೆ ರಿಪಬ್ಲಿಕನ್ ಕೆಂಪ್ ಅವರನ್ನೂ ದೇಶದ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ಗೆ ಡೆಮಾಕ್ರಟಿಕ್ ವಾರ್ನಾಕ್ ಅವರನ್ನೂ ಆರಿಸಿದರು. ಪಕ್ಷದ ಬದಲು ಮನುಷ್ಯರನ್ನು ನೋಡಿ ವೋಟ್ ಹಾಕುವವರು ಇನ್ನೂ ಇದ್ದಾರೆ ಅನ್ನೋದಕ್ಕೆ ಇದು ಸಾಕ್ಷಿ. ಆದರೆ ಗರ್ಭಪಾತಕ್ಕೆ ಅವಕಾಶ ಸುಮಾರು ಆರು ವಾರದವರೆಗೆ ಮಾತ್ರ. ಬಹಳ ಹೆಂಗಸರಿಗೆ ಅಷ್ಟರಲ್ಲಿ ಬಸಿರು ಗೊತ್ತೇ ಆಗಿರುವುದಿಲ್ಲ.

ನಾರ್ತ್ ಕ್ಯಾರೊಲಿನಾ

ನನ್ನ ಮನಸ್ಸು ವಾಲುವುದು ಈ ಕಡೆಗೆ. ರಾಲೆ, ಡರಮ್, ಚಾಪೆಲ್ ಹಿಲ್ ನಡುವೆ 1959ರಲ್ಲಿ ಶುರುವಾದ ರಿಸರ್ಚ್ ಟ್ರಯಾಂಗಲ್ ಪಾರ್ಕ್ ಸುತ್ತ ಕೆಲಸಗಳಿವೆ, ಮೂರು ದೊಡ್ಡ ವಿಶ್ವವಿದ್ಯಾಲಯಗಳಿವೆ. ಅಲ್ಲೇ ಹತ್ತಿರದ ಕೇರಿ (Cary) ಅನ್ನುವ ಊರಿನ ವೆಂಕಟೇಶ್ವರ ದೇವಸ್ಥಾನದ 87 ಅಡಿ ಗೋಪುರವನ್ನು 2022ರಲ್ಲಿ ಆಗಿನ ಗವರ್ನರ್ ರಾಯ್ ಕೂಪರ್ ಉದ್ಘಾಟಿಸಿದರು. ರಾಜ್ಯದ ಆದಾಯ ತೆರಿಗೆ ಎಲ್ಲರಿಗೂ ಒಂದೇ ದರ, 2025ರಲ್ಲಿ ಶೇ 4.25 ಇತ್ತು.

2024ರ ನವೆಂಬರ್‌ನಲ್ಲಿ ಇಲ್ಲಿನ ಮತದಾರರು ಟ್ರಂಪ್ ಅವರನ್ನು ಸುಮಾರು 3 ಅಂಶಗಳಿಂದ ಗೆಲ್ಲಿಸಿದರು. ಅದೇ ದಿನ, ಅದೇ ಮತಪತ್ರದಲ್ಲಿ, ಗವರ್ನರ್ ಆಗಿ ಡೆಮಾಕ್ರಟಿಕ್ ಪಕ್ಷದ ಜಾಶ್ ಸ್ಟೈನ್ ಅವರನ್ನು 15ರ ಹತ್ತಿರದ ಅಂತರದಲ್ಲಿ ಗೆಲ್ಲಿಸಿದರು. ಎರಡೂ ಪಕ್ಷಗಳು ಇಲ್ಲಿ ಬೆವರು ಸುರಿಸಲೇಬೇಕು. ರಿಪಬ್ಲಿಕನ್ ಬಹುಮತದ ಶಾಸನಸಭೆಯೂ ಡೆಮಾಕ್ರಟಿಕ್ ಗವರ್ನರ್ ಕೂಡಿ ಒಪ್ಪಿದ್ದರಿಂದಲೇ 2023ರ ಡಿಸೆಂಬರ್‌ನಲ್ಲಿ ಬಡವರ ಆರೋಗ್ಯ ವಿಮೆ ಮೆಡಿಕೇಡ್ ಇಲ್ಲಿ ಹೆಚ್ಚು ಜನಕ್ಕೆ ಸಿಕ್ಕಿತು. ಟೆಕ್ಸಸ್, ಫ್ಲಾರಿಡಾ ಇನ್ನೂ ಆ ವಿಸ್ತರಣೆಯನ್ನು ಒಪ್ಪಿಲ್ಲ.

ಕುಂದೂ ಇದೆ, ಮುಚ್ಚಿಡುವುದಿಲ್ಲ. ವೋಟ್ ಹತ್ತಿರ ಹತ್ತಿರ ಸಮಪಾಲು ಆದರೂ, ಕ್ಷೇತ್ರಗಳ ಗೆರೆ ಎಳೆಯುವುದು ಶಾಸನಸಭೆ. 2022ರಲ್ಲಿ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತಿನ, ಸ್ಥಾನ ಎರಡೂ ಪಕ್ಷಗಳಿಗೆ 7-7 ಇತ್ತು. ಗೆರೆ ಬದಲಾಯಿಸಿದ ಮೇಲೆ 2024ರಲ್ಲಿ ರಿಪಬ್ಲಿಕನ್ 10, ಡೆಮಾಕ್ರಟಿಕ್ 4 ಆಯಿತು. 2023ರಲ್ಲಿ ಒಬ್ಬ ಶಾಸಕಿ, ಟ್ರಿಶಾ ಕಾಥಮ್, ಡೆಮಾಕ್ರಟಿಕ್ ಪಕ್ಷದಿಂದ ರಿಪಬ್ಲಿಕನ್ ಕಡೆಗೆ ಹಾರಿದರು. ಅವರೊಬ್ಬರ ಪಕ್ಷಾಂತರದಿಂದ ಗವರ್ನರ್ ತಡೆಯನ್ನು ಮೀರುವ ಬಲ ಸಿಕ್ಕಿ, ಗರ್ಭಪಾತದ ಮಿತಿ 20 ವಾರದಿಂದ 12ಕ್ಕೆ ಇಳಿಯಿತು. ಕರ್ನಾಟಕದ ರಾಜಕೀಯ ನೋಡಿದವರಿಗೆ ಪಕ್ಷಾಂತರದ ಬೆಲೆ ಬಿಡಿಸಿ ಹೇಳಬೇಕಿಲ್ಲ. ಗೆರೆಯ ಕಾಟ ಬೇರೆ ಕಡೆಯೂ ಇದೆ. 2025ರಲ್ಲಿ ಟೆಕ್ಸಸ್ ತನ್ನ ಕ್ಷೇತ್ರಗಳನ್ನು ರಿಪಬ್ಲಿಕನ್ ಅನುಕೂಲಕ್ಕೆ ಮತ್ತೆ ಕತ್ತರಿಸಿತು, ಅದಕ್ಕೆ ಉತ್ತರವಾಗಿ ಕ್ಯಾಲಿಫೋರ್ನಿಯಾದ ಮತದಾರರು ಡೆಮಾಕ್ರಟಿಕ್ ಅನುಕೂಲದ ಗೆರೆಗಳನ್ನು ಒಪ್ಪಿದರು. ಎರಡೂ ನನಗೆ ಬೇಸರ ತರಿಸಿದವು.

ಮಿಶಿಗನ್, ವರ್ಜೀನಿಯಾ

ಮಿಶಿಗನ್‌ಗೆ ನಮ್ಮ ನಾಡಿನ ನಂಟಿದೆ. ಡೆಟ್ರಾಯ್ಟ್‌ನ ಬಹುಭಾಗವನ್ನು ಪ್ರತಿನಿಧಿಸಲು 2023ರಲ್ಲಿ ಕಾಂಗ್ರೆಸ್‌ಗೆ ಹೋದ ಶ್ರೀ ಥಾಣೇದಾರ್ ಹುಟ್ಟಿದ್ದು ಚಿಕ್ಕೋಡಿಯಲ್ಲಿ, ಬೆಳೆದದ್ದು ಬೆಳಗಾವಿಯಲ್ಲಿ. ಬಹುಸಂಖ್ಯಾತ ಕರಿಯರ ನಗರ ಅವರನ್ನು ಆರಿಸಿತು. 2016ರಲ್ಲಿ ಟ್ರಂಪ್ ಇಲ್ಲಿ 10,704 ವೋಟಿನಿಂದ ಗೆದ್ದರು, 2020ರಲ್ಲಿ ಬೈಡನ್ ಒಂದೂವರೆ ಲಕ್ಷದಿಂದ, 2024ರಲ್ಲಿ ಮತ್ತೆ ಟ್ರಂಪ್ ಸುಮಾರು 80 ಸಾವಿರದಿಂದ. ಕಾರ್ ಕಾರ್ಖಾನೆಯ ಕಾರ್ಮಿಕ ಸಂಘಗಳನ್ನು ಯಾರೂ ಕಡೆಗಣಿಸುವಂತಿಲ್ಲ. ಡಿಯರ್‌ಬಾರ್ನ್‌ನ ಅರಬ್ ಮೂಲದ ಮತದಾರರು ಗಾಜಾ ಯುದ್ಧದ ಸಿಟ್ಟಿನಲ್ಲಿ 2024ರಲ್ಲಿ ಹ್ಯಾರಿಸ್ ಅವರನ್ನು ಬಿಟ್ಟು ನಡೆದರು. ಸಣ್ಣ ಸಮುದಾಯದ ಮಾತಿಗೂ ಇಲ್ಲಿ ತೂಕ ಇದೆ. 2022ರಲ್ಲಿ ಮತದಾರರೇ ಗರ್ಭಪಾತದ ಹಕ್ಕನ್ನು ಸಂವಿಧಾನಕ್ಕೆ ಸೇರಿಸಿದರು. ಮನೆ ಬೆಲೆ ಕರಾವಳಿ ರಾಜ್ಯಗಳಿಗಿಂತ ಬಹಳ ಕಡಿಮೆ. ಚಳಿ ಮಾತ್ರ ಕಠಿಣ.

ಉತ್ತರ ವರ್ಜೀನಿಯಾದಲ್ಲಿ, ಅಂದರೆ ದೇಶದ ರಾಜಧಾನಿ ವಾಷಿಂಗ್ಟನ್ ಡಿಸಿ ಪಕ್ಕದ ಫೇರ್‌ಫ್ಯಾಕ್ಸ್, ಲೌಡನ್ ಕಡೆ, ರಾಜಕೀಯದ ಕೇಂದ್ರ ಶಾಲೆ. ಥಾಮಸ್ ಜೆಫರ್ಸನ್ ಹೈಸ್ಕೂಲಿನ ಪ್ರವೇಶ ಪರೀಕ್ಷೆಯನ್ನು 2020ರಲ್ಲಿ ತೆಗೆದಾಗ ಏಷ್ಯನ್ ಪೋಷಕರು ಕೋರ್ಟಿಗೆ ಹೋದರು. 2024ರಲ್ಲಿ ಸುಪ್ರೀಂ ಕೋರ್ಟ್ ಆ ಪ್ರಕರಣ ಕೇಳಲು ಒಪ್ಪಲಿಲ್ಲ, ಹೊಸ ಪದ್ಧತಿ ಉಳಿಯಿತು. ಶಾಲೆಯ ಜಗಳದ ಮೇಲೆಯೇ 2021ರಲ್ಲಿ ರಿಪಬ್ಲಿಕನ್ ಯಂಗ್‌ಕಿನ್ ಗವರ್ನರ್ ಆದರು. 2025ರಲ್ಲಿ ಡೆಮಾಕ್ರಟಿಕ್ ಸ್ಪ್ಯಾನ್‌ಬರ್ಗರ್ ಗೆದ್ದರು, ಜೊತೆಗೆ ಹೈದರಾಬಾದಿನಲ್ಲಿ ಹುಟ್ಟಿದ ಗಜಾಲಾ ಹಾಶ್ಮಿ ಲೆಫ್ಟಿನೆಂಟ್ ಗವರ್ನರ್ ಆದರು. ಆದರೆ ಕೇಂದ್ರ ಸರ್ಕಾರದ ಕೆಲಸಗಳಿಗೆ ಕತ್ತರಿ ಬಿದ್ದರೆ ಮೊದಲ ಪೆಟ್ಟು ಇಲ್ಲಿಗೇ.

ಫ್ಲಾರಿಡಾ ಬಗ್ಗೆ ಹೆಚ್ಚು ಬರೆಯುವುದಿಲ್ಲ. 2000ದಲ್ಲಿ ಬರೀ 537 ವೋಟಿನ ಅಂತರದಲ್ಲಿ ತೀರ್ಮಾನವಾದ ರಾಜ್ಯ, 2024ರಲ್ಲಿ ಟ್ರಂಪ್ 13 ಅಂಶಗಳಿಂದ ಗೆದ್ದರು. ಆದಾಯ ತೆರಿಗೆ ಇಲ್ಲ, ಆದರೆ ಚಂಡಮಾರುತದಿಂದಾಗಿ ಮನೆ ವಿಮೆ ಬಹಳ ದುಬಾರಿ.

ಪಕ್ಷ ಒಂದು ಕಡೆ, ಜನರ ಮನಸ್ಸು ಇನ್ನೊಂದು ಕಡೆ

ಒಂದು ರಾಜ್ಯದ ಜನ ನಿಜಕ್ಕೂ ಏನು ಯೋಚಿಸುತ್ತಾರೆ ಅಂತ ತಿಳಿಯಲು ನಾನು ನೋಡುವುದು ಜನಮತಗಣನೆಗಳನ್ನು. 2020ರಲ್ಲಿ ಟ್ರಂಪ್ ಅವರನ್ನು ಗೆಲ್ಲಿಸಿದ ಫ್ಲಾರಿಡಾ, ಅದೇ ದಿನ ಕನಿಷ್ಠ ಕೂಲಿಯನ್ನು ಗಂಟೆಗೆ 15 ಡಾಲರ್‌ಗೆ ಏರಿಸಲು ಶೇ 60ಕ್ಕೂ ಹೆಚ್ಚು ವೋಟ್ ಕೊಟ್ಟಿತು. ಅದೇ ದಿನ ಕಡು ನೀಲಿ ಕ್ಯಾಲಿಫೋರ್ನಿಯಾ, ಕಾಲೇಜು ಮತ್ತು ಸರ್ಕಾರಿ ಕೆಲಸಗಳಲ್ಲಿ ಜನಾಂಗವನ್ನು ಪರಿಗಣಿಸುವುದನ್ನು ಮತ್ತೆ ತರಬೇಕೇ ಅಂದಾಗ ಬೇಡ ಅಂದಿತು. ಕಡು ಕೆಂಪು ಕ್ಯಾನ್ಸಸ್ 2022ರಲ್ಲಿ ಗರ್ಭಪಾತದ ಹಕ್ಕನ್ನು ತೆಗೆಯುವ ತಿದ್ದುಪಡಿಯನ್ನು ಶೇ 59 ವೋಟಿನಿಂದ ತಿರಸ್ಕರಿಸಿತು. 2023ರಲ್ಲಿ ಒಹಾಯೊ ಕೂಡ ಆ ಹಕ್ಕಿನ ಪರ ನಿಂತಿತು.

ಹಾಗಾದರೆ ಯಾರಿಗೆ ಯಾವುದು

ವಯಸ್ಸು ಚಿಕ್ಕದು, ಕೆಲಸ ಬದಲಾಯಿಸುತ್ತಾ ಬೆಳೆಯಬೇಕು ಅನ್ನುವವರಿಗೆ ಕ್ಯಾಲಿಫೋರ್ನಿಯಾ. ಬಾಡಿಗೆಯಲ್ಲೇ ಇರಿ, ಮನೆ ಕೊಳ್ಳುವ ಆಸೆ ಸ್ವಲ್ಪ ಕಾಯಲಿ. ಮಗುವಿನ ಯೋಚನೆ ಇದ್ದರೆ ವಾಷಿಂಗ್ಟನ್, ನ್ಯೂಜೆರ್ಸಿ, ಮಿಶಿಗನ್ ಮೂರರಲ್ಲಿ ಯಾವುದಾದರೂ ಆಗಬಹುದು. ಮೊದಲೆರಡರಲ್ಲಿ ರಜೆಗೂ ದುಡ್ಡು ಬರುತ್ತದೆ. ಮಕ್ಕಳು ಶಾಲೆಯಲ್ಲಿದ್ದಾರೆ, ಒಬ್ಬರದೇ ಸಂಬಳ, ದೊಡ್ಡ ಮನೆ ಬೇಕು ಅಂದರೆ ಟೆಕ್ಸಸ್ ಅಥವಾ ಜಾರ್ಜಿಯಾ ಸರಿಯಾದ ಆಯ್ಕೆಯೇ. ಆದರೆ ಸಹಿ ಹಾಕುವ ಮುಂಚೆ ಆ ಊರಿನ ಸ್ಕೂಲ್ ಬೋರ್ಡ್ ಸಭೆಗಳ ರೆಕಾರ್ಡಿಂಗ್ ನೋಡಿ. ಬಹಳಷ್ಟು ಬೋರ್ಡ್‌ಗಳು ಅವನ್ನು ಇಂಟರ್ನೆಟ್‌ನಲ್ಲಿ ಹಾಕುತ್ತವೆ. ನೆರೆಹೊರೆಯವರು ಹೇಗೆ ಮಾತಾಡುತ್ತಾರೆ, ಯಾವುದಕ್ಕೆ ಸಿಟ್ಟಾಗುತ್ತಾರೆ ಅಂತ ಒಂದು ಸಂಜೆಯಲ್ಲಿ ಗೊತ್ತಾಗುತ್ತದೆ.

ಕನ್ನಡ ಎಲ್ಲಿ ಸಿಗುತ್ತದೆ ಅನ್ನುವ ಚಿಂತೆ ಬೇಡ. ಅಟ್ಲಾಂಟಾದಲ್ಲಿ ನೃಪತುಂಗ, ಡೆಟ್ರಾಯ್ಟ್‌ನಲ್ಲಿ ಪಂಪ, ಶಿಕಾಗೊದಲ್ಲಿ ವಿದ್ಯಾರಣ್ಯ, ಡಲ್ಲಾಸ್‌ನಲ್ಲಿ ಮಲ್ಲಿಗೆ, ನ್ಯೂಜೆರ್ಸಿಯಲ್ಲಿ ಬೃಂದಾವನ, ಸಿಯಾಟಲ್‌ನಲ್ಲಿ ಸಹ್ಯಾದ್ರಿ, ಹೀಗೆ ಕೆಂಪು ನೀಲಿ ಎರಡೂ ಕಡೆ ಕನ್ನಡ ಕೂಟಗಳಿವೆ.

ನನ್ನನ್ನೇ ಕೇಳಿದರೆ ನಾರ್ತ್ ಕ್ಯಾರೊಲಿನಾ ಮೊದಲು, ಮಿಶಿಗನ್ ಎರಡನೆಯದು. ಒಂದೇ ಪಕ್ಷ ಗಟ್ಟಿಯಾಗಿ ಕೂತ ಕಡೆ ಆ ಪಕ್ಷಕ್ಕೆ ನಮ್ಮ ವೋಟಿನ ಹಂಗಿಲ್ಲ, ಎದುರು ಪಕ್ಷಕ್ಕೆ ಗೆಲ್ಲುವ ಆಸೆಯೇ ಇಲ್ಲ. ಹತ್ತು ಸಾವಿರ ವೋಟಿನಲ್ಲಿ ಫಲಿತಾಂಶ ತಿರುಗುವ ಕಡೆ, ಒಂದೆರಡು ಕೌಂಟಿಗಳ ಭಾರತೀಯರು ಸೇರಿದರೆ ಅವರ ಮಾತನ್ನು ಯಾರೂ ತಳ್ಳಿಹಾಕುವಂತಿಲ್ಲ.

ಯಾವ ರಾಜ್ಯಕ್ಕೆ ಹೋದರೂ ಒಂದು ಎಚ್ಚರ ಇರಲಿ. ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ಅರ್ಜಿಯಲ್ಲೇ "ಮತದಾರರಾಗಿ ಹೆಸರು ನೋಂದಾಯಿಸಬೇಕೇ" ಅಂತ ಕೇಳುತ್ತಾರೆ. ವೀಸಾ ಅಥವಾ ಗ್ರೀನ್ ಕಾರ್ಡ್‌ನಲ್ಲಿರುವವರು ಅದಕ್ಕೆ ಹೌದು ಅನ್ನಲೇಬಾರದು. ಗಡಿಬಿಡಿಯಲ್ಲಿ ಒಂದು ಟಿಕ್ ಹಾಕಿದರೂ ಮುಂದೆ ಪೌರತ್ವದ ಅರ್ಜಿಗೆ ಅದು ದೊಡ್ಡ ಕಂಟಕ ಆಗಬಹುದು, ಗಡೀಪಾರಿನವರೆಗೂ ಹೋಗಬಹುದು. ಪೌರತ್ವ ಸಿಕ್ಕವರು ತಡ ಮಾಡಬಾರದು. ಟೆಕ್ಸಸ್‌ನಲ್ಲಿ ಚುನಾವಣೆಗೆ 30 ದಿನ ಮೊದಲೇ ಹೆಸರು ನೋಂದಾಯಿಸಿರಬೇಕು. ಅಂಚೆ ಮತಕ್ಕೆ 65 ದಾಟಿರಬೇಕು, ಇಲ್ಲವೇ ಕಾನೂನು ಒಪ್ಪುವ ಕಾರಣ ಇರಬೇಕು. ವಾಷಿಂಗ್ಟನ್, ಕ್ಯಾಲಿಫೋರ್ನಿಯಾಗಳಲ್ಲಿ ನೋಂದಾಯಿಸಿದ ಎಲ್ಲರ ಮನೆಗೂ ಮತಪತ್ರ ಅಂಚೆಯಲ್ಲೇ ಬರುತ್ತದೆ. ಮಿಶಿಗನ್‌ನಲ್ಲಿ ಚುನಾವಣೆಯ ದಿನವೂ ಹೆಸರು ಸೇರಿಸಬಹುದು. ನಾರ್ತ್ ಕ್ಯಾರೊಲಿನಾದಲ್ಲಿ ಫೋಟೊ ಇರುವ ಗುರುತಿನ ಚೀಟಿ ಬೇಕು. ಮುಂಚಿತ ಮತದಾನದ ದಿನಗಳಲ್ಲಿ ವಿಳಾಸದ ದಾಖಲೆ ಹಿಡಿದು ಹೋದರೆ ಅಲ್ಲೇ ನೋಂದಾಯಿಸಿ ಅಲ್ಲೇ ವೋಟ್ ಹಾಕಿ ಬರಬಹುದು.